ಬೋನಿಯ ಚಿಟ್ಟೆಗೆ ವರ್ಷಕ್ಕೊಮ್ಮೆ ಹೊಸ ಬಣ್ಣ

ಬುರ್ಕಿನಾ ಫಾಸೊ ದೇಶದ ರಾಜಧಾನಿ ವಾಗಡೂಗುವಿನಿಂದ ಎರಡನೆಯ ದೊಡ್ಡ ನಗರ ಬೋಬೊ-ಡಿಯುಲಾಸ್ಸೊಗೆ ಹೋಗುವ ಹೆದ್ದಾರಿ ಸುಮಾರು 350 ಕಿಲೋಮೀಟರ್ ಉದ್ದ. ಚಳಿಗಾಲ ಕಳೆಯುವ ಹೊತ್ತಿಗೆ ಈ ದಾರಿಯ ಎರಡೂ ಬದಿಯಲ್ಲಿ ಹಸಿರೆಂಬುದು ಅಪರೂಪ. ಸಹಾರಾ ಮರುಭೂಮಿಯ ಕಡೆಯಿಂದ ಬೀಸುವ ಹರ್ಮಟನ್ ಎಂಬ ಒಣಗಾಳಿ ಕೆಂಧೂಳನ್ನು ಹೊತ್ತು ತಂದು ಮನೆಯ ಗೋಡೆ, ಮರದ ಎಲೆ, ಮನುಷ್ಯರ ಹುಬ್ಬು ಎಲ್ಲದಕ್ಕೂ ಒಂದೇ ಬಣ್ಣ ಬಳಿಯುತ್ತದೆ. ಹತ್ತಿ ಬಿಡಿಸಿ ಆಗಿರುತ್ತದೆ, ಸಜ್ಜೆ ಜೋಳದ ತೆನೆ ಕಣಜ ಸೇರಿರುತ್ತದೆ. ರೈತನಿಗೆ ಹೊಲದಲ್ಲಿ ಕೆಲಸವಿಲ್ಲದ ಕಾಲ ಅದು. ಮುಖವಾಡಗಳಿಗೆ ಕೈತುಂಬ ಕೆಲಸ ಬರುವುದು ಆಗಲೇ!

ಈ ಹೆದ್ದಾರಿಯ ನೆರೆಯಲ್ಲಿ, ಹೂಂಡೆ ಎಂಬ ಪಟ್ಟಣದ ಆಸುಪಾಸಿನಲ್ಲಿ, ಬೋನಿ ಮತ್ತು ದೋಸಿ ಎಂಬ ಹಳ್ಳಿಗಳಿವೆ. ಇಲ್ಲಿಯವರು ಬ್ವಾ ಜನಾಂಗದವರು. ಬುರ್ಕಿನಾ ಫಾಸೊದ ಪಶ್ಚಿಮ ಭಾಗದಲ್ಲೂ ನೆರೆಯ ಮಾಲಿ ದೇಶದಲ್ಲೂ ಹರಡಿರುವ ಇವರು ಮೂಲತಃ ಬೇಸಾಯಗಾರರು. ಜಗತ್ತಿನ ದೊಡ್ಡ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಆಫ್ರಿಕದ ವಿಭಾಗಕ್ಕೆ ಹೋದವರು ಬ್ವಾ ಜನರ ಹೆಸರು ಕೇಳದಿದ್ದರೂ ಅವರ ಕೈಕೆಲಸವನ್ನು ಕಂಡಿರುವ ಸಾಧ್ಯತೆ ಹೆಚ್ಚು. ಅಗಲವಾದ ರೆಕ್ಕೆ ಬಿಚ್ಚಿ ನಿಂತ ಮರದ ಚಿಟ್ಟೆ, ಛಾವಣಿ ಮುಟ್ಟುವ ಮರದ ಹಾವು, ಮೈತುಂಬ ಕಪ್ಪು ಬಿಳುಪು ಕೆಂಪು ಚೌಕಗಳು. ಗಾಜಿನ ಪೆಟ್ಟಿಗೆಯೊಳಗೆ ಅಲುಗಾಡದೆ ನಿಂತ ಅವನ್ನು ನೋಡಿ ‘ಎಂಥ ಕೆತ್ತನೆ!’ ಎಂದು ಬೆರಗಾಗುವುದು ಸಹಜ. ಆದರೆ ಬೋನಿಯ ಹಿರಿಯರ ಲೆಕ್ಕದಲ್ಲಿ ಆ ಗಾಜಿನ ಪೆಟ್ಟಿಗೆಯಲ್ಲಿ ಇರುವುದು ಮುಖವಾಡವಲ್ಲ. ಅದರ ಒಂದು ತುಂಡು ಮಾತ್ರ.

ಉಳಿದ ಭಾಗ ಎಲ್ಲಿದೆ? ಅದನ್ನು ಹುಡುಕಬೇಕಾದರೆ ಮುಖವಾಡ ಹೇಗೆ ಹುಟ್ಟುತ್ತದೆ ಎಂಬುದರಿಂದ ಆರಂಭಿಸಬೇಕು.

ಬೂರುಗದ ಮರ, ಪುಂಡಿಯ ನಾರು

ಬ್ವಾ ಹಳ್ಳಿಗಳಲ್ಲಿ ಮರದ ಮುಖವಾಡ ಕೆತ್ತುವವರು ಸಾಮಾನ್ಯವಾಗಿ ಕಮ್ಮಾರರು. ಕಬ್ಬಿಣ ಕಾಸಿ ಗುದ್ದಲಿ ಮಾಡುವ ಕೈಯೇ ಬಾಚಿ ಹಿಡಿದು ಕಾಡೆಮ್ಮೆಯ ಮೋರೆಯನ್ನೂ ಕಡೆಯುತ್ತದೆ. ಅವರು ಆರಿಸುವುದು ಬಿಳಿ ಬೂರುಗದ ಮರವನ್ನು. ದಿಂಬಿಗೆ ತುಂಬುವ ಹತ್ತಿ ಕೊಡುವ ಈ ಮರ ಕನ್ನಡ ನಾಡಿನವರಿಗೂ ಪರಿಚಿತ. ಇದರ ದಿಮ್ಮಿ ಹಗುರ. ತಲೆಯ ಮೇಲೆ ಎರಡಾಳು ಎತ್ತರದ ಹಲಗೆ ಹೊತ್ತು ಕುಣಿಯುವವನಿಗೆ ಮರ ಹಗುರವಾಗಿರಲೇಬೇಕಲ್ಲ! ಆದರೆ ಹಗುರವಾದ ಮರಕ್ಕೆ ಹುಳುವಿನ ಕಾಟವೂ ಹೆಚ್ಚು. ಅದಕ್ಕೆ ಅವರು ಕಂಡುಕೊಂಡಿರುವ ಉಪಾಯವನ್ನು ಮುಂದೆ ನೋಡೋಣ.

ಮರದ ಮುಖವಾಡದ ಅಂಚಿಗೆ ಸಾಲಾಗಿ ತೂತುಗಳಿರುತ್ತವೆ. ಅವುಗಳಿಗೆ ನಾರಿನ ದಪ್ಪ ಉಡುಪನ್ನು ಪೋಣಿಸಿ ಕಟ್ಟುತ್ತಾರೆ. ಕುತ್ತಿಗೆಯಿಂದ ಕಾಲಿನವರೆಗೆ ಇಳಿಬಿದ್ದು ಕುಣಿಯುವವನ ಮೈಯನ್ನು ಪೂರ್ತಿ ಮುಚ್ಚುವ ಈ ನಾರು ಪುಂಡಿ ಗಿಡದ್ದು. ಉತ್ತರ ಕರ್ನಾಟಕದ ಮನೆಗಳಲ್ಲಿ ರೊಟ್ಟಿಯ ಜೊತೆ ಪುಂಡಿಪಲ್ಯವಾಗಿ ತಟ್ಟೆಗೆ ಬರುವ, ಹಿಂದೆ ಹಗ್ಗ ಹೊಸೆಯಲು ಬೆಳೆಯುತ್ತಿದ್ದ ಅದೇ ಪುಂಡಿ. ಕಪ್ಪು ಬಣ್ಣಕ್ಕೆ ಬೇಕಾದದ್ದು ಕರಿಜಾಲಿಯ ಕಾಯಿ. ಅದನ್ನು ಕುದಿಸಿ ಕುದಿಸಿ ಗಟ್ಟಿಯಾದ ರಸ ಇಳಿಸುತ್ತಾರೆ. ಕಬ್ಬಿಣದ ಅಂಶವುಳ್ಳ ಕಲ್ಲನ್ನು ಅರೆದರೆ ಕೆಂಪು ಸಿದ್ಧ. ಬಿಳುಪಿಗೂ ಅಂಗಡಿಗೆ ಹೋಗಬೇಕಾಗಿಲ್ಲ. ಬೂರುಗ, ಪುಂಡಿ, ಜಾಲಿ ಎಂದ ಕೂಡಲೇ ಬಾಗಲಕೋಟೆ, ಕೊಪ್ಪಳ ಕಡೆಯ ರೈತನಿಗೆ ಆ ದೂರದ ಹಳ್ಳಿ ಅಷ್ಟೇನೂ ದೂರವಲ್ಲ ಎನಿಸಬಹುದು. ಅವನ ಹೊಲದ ಸಜ್ಜೆಯೂ ಆ ಕಡೆಯಿಂದಲೇ ಬಂದದ್ದು. ಇಂದಿನ ಮಾಲಿ ದೇಶದ ಉತ್ತರ ಭಾಗದಲ್ಲಿ ಸುಮಾರು 4,500 ವರ್ಷಗಳ ಹಿಂದೆಯೇ ಜನ ಸಜ್ಜೆ ಬೆಳೆಯುತ್ತಿದ್ದರೆಂಬುದಕ್ಕೆ ಪುರಾತತ್ತ್ವಜ್ಞರಿಗೆ ಪುರಾವೆ ಸಿಕ್ಕಿದೆ. ಭಾರತಕ್ಕೆ ಅದು ಬಂದದ್ದು ಆಮೇಲೆ.

ಇಷ್ಟೆಲ್ಲ ಸಾಮಗ್ರಿ ಸೇರಿದರೂ ಮುಖವಾಡ ಇನ್ನೂ ಪೂರ್ಣವಾಗಲಿಲ್ಲ. ಅದಕ್ಕೆ ಮೈ ಬೇಕು. ಮುಖವಾಡದ ಹಿಂಬದಿಯಲ್ಲಿ ದಪ್ಪನೆಯ ಹಗ್ಗವೊಂದನ್ನು ಕಟ್ಟಿರುತ್ತಾರೆ. ಕುಣಿಯುವ ಯುವಕ ಅದನ್ನು ಹಲ್ಲಿನಿಂದ ಕಚ್ಚಿ ಹಿಡಿಯುತ್ತಾನೆ. ಎರಡು ಮೀಟರಿಗೂ ಅಗಲವಾದ ಚಿಟ್ಟೆಯ ರೆಕ್ಕೆಗಳು ಆ ಕಡೆ ಈ ಕಡೆ ವಾಲುವಾಗ ಅವನ್ನು ಹಿಡಿತದಲ್ಲಿಡುವುದು ಅವನ ದವಡೆ ಮತ್ತು ಕುತ್ತಿಗೆಯ ಬಲ. ಬಾಯಿ ಹಗ್ಗಕ್ಕೆ ಮೀಸಲಾದ ಮೇಲೆ ಮಾತು ಎಲ್ಲಿಂದ ಬರಬೇಕು? ಹಾಗಾಗಿ ಮುಖವಾಡ ಮಾತನಾಡುವುದಿಲ್ಲ. ಏನು ಹೇಳಬೇಕಾದರೂ ಮೈಯಲ್ಲೇ ಹೇಳಬೇಕು. ಒಳಗಿರುವವನು ಯಾರೆಂದು ಕೇಳುವಂತೆಯೂ ಇಲ್ಲ. ಉಡುಪು ತೊಟ್ಟ ಗಳಿಗೆಯಿಂದ ಅವನು ಇಂಥವರ ಮಗನಲ್ಲ. ಅವನು ಚಿಟ್ಟೆ, ಅವನು ಹಾವು.

ಮೊದಲ ಮಳೆಯ ಚಿಟ್ಟೆ, ಗೂಡಿನೊಳಗಿನ ಹಾವು

ಡೋಲು ಮತ್ತು ಬಾಲಾಫೋನ್ ನುಡಿಯತೊಡಗಿದರೆ ಬಯಲಿನಲ್ಲಿ ಜನ ಸೇರುತ್ತಾರೆ. ಬಾಲಾಫೋನ್ ಎಂದರೆ ಮರದ ಪಟ್ಟಿಗಳ ಕೆಳಗೆ ಸೋರೆಬುರುಡೆ ಕಟ್ಟಿದ ವಾದ್ಯ. ಹಿರಿಯರೊಬ್ಬರ ತಿಥಿ, ಮಕ್ಕಳ ದೀಕ್ಷೆ, ಕೆಲವು ಕಡೆ ಸಂತೆಯ ದಿನ, ಹೀಗೆ ಸಂದರ್ಭ ಯಾವುದೇ ಇರಲಿ, ಒಂದೊಂದು ಪ್ರಾಣಿಯೂ ತನ್ನದೇ ನಡಿಗೆಯಲ್ಲಿ ಬರುತ್ತದೆ. ಜಿಂಕೆ, ಕಾಡೆಮ್ಮೆ, ಕಾಡುಹಂದಿ, ಕೋತಿ, ಮೊಸಳೆ, ಮೀನು, ಗಿಡುಗ, ಹುಂಜ: ಕಾಡು, ನೀರು, ಅಂಗಳ ಮೂರೂ ಸೇರಿದ ಮೆರವಣಿಗೆ ಅದು.

ಇವುಗಳ ನಡುವೆ ಚಿಟ್ಟೆಗೇನು ಕೆಲಸ ಎಂದು ಕೇಳುವವರಿಗೆ ಉತ್ತರ ಮಳೆಯಲ್ಲಿದೆ. ತಿಂಗಳುಗಟ್ಟಲೆ ಒಣಗಿದ ನೆಲದ ಮೇಲೆ ಮೊದಲ ಮಳೆ ಬಿದ್ದು ಅಲ್ಲಲ್ಲಿ ನೀರು ನಿಂತಾಗ, ಆ ಗುಂಡಿಗಳ ಸುತ್ತ ಚಿಟ್ಟೆಗಳ ಹಿಂಡು ಕಾಣಿಸಿಕೊಳ್ಳುತ್ತದೆ. ಬೀಜ ಹೊರಗೆ ತೆಗೆಯುವ ಕಾಲ ಬಂತು ಎಂದು ರೈತನಿಗೆ ಹೇಳುವ ದೂತ ಚಿಟ್ಟೆ. ಮರದ ಚಿಟ್ಟೆಯ ರೆಕ್ಕೆಗಳ ಮೇಲೆ ಒಂದರೊಳಗೊಂದು ವೃತ್ತಗಳನ್ನು ಬರೆದಿರುತ್ತಾರೆ. ಕುಣಿಯುವವನು ತಲೆಯನ್ನು ಸರ್ರನೆ ತಿರುಗಿಸಿ ರೆಕ್ಕೆಯ ಒಂದು ತುದಿಯನ್ನು ನೆಲದತ್ತ ಇಳಿಸಿ ಮತ್ತೊಂದನ್ನು ಆಕಾಶಕ್ಕೆತ್ತಿದಾಗ, ನೀರಿನ ಗುಂಡಿಯಿಂದ ಗುಂಡಿಗೆ ಹಾರುವ ಹುಳುವಿನ ಚಾಂಚಲ್ಯ ಅಷ್ಟು ದೊಡ್ಡ ಹಲಗೆಗೂ ಬಂದುಬಿಡುತ್ತದೆ.

ಹಾವಿನ ಮುಖವಾಡ ಇನ್ನೊಂದು ಸೋಜಿಗ. ಅದರ ಎತ್ತರ ನಾಲ್ಕು ಮೀಟರ್ ಮೀರುವುದೂ ಉಂಟು. ಅದನ್ನು ಹೊತ್ತವನು ಗಿರಗಿರನೆ ತಿರುಗುತ್ತ ಹಾವಿನ ಮೈಯನ್ನು ಅತ್ತಿತ್ತ ಬೀಸುವಾಗ ಮುಂದಿನ ಸಾಲಿನ ಹುಡುಗರು ಕಿರುಚಿಕೊಂಡು ಹಿಂದೆ ಸರಿಯುತ್ತಾರೆ. ಈ ಹಾವಿಗೊಂದು ಕಥೆಯಿದೆ. ಹಿಂದೆ ನೆರೆಹಳ್ಳಿಯೊಡನೆ ನಡೆದ ಕಾಳಗವೊಂದರಲ್ಲಿ ಬೋನಿಯವರಿಗೆ ಸೋಲಾಯಿತಂತೆ. ಬೆನ್ನಟ್ಟಿ ಬಂದವರಿಂದ ತಪ್ಪಿಸಿಕೊಳ್ಳಲು ಹಿರಿಯನೊಬ್ಬ ದೊಡ್ಡ ಹಾವಿನ ಬಿಲಕ್ಕೆ ಇಳಿದ. ‘ನಿನಗೆ ಕೇಡು ಬಗೆಯಲು ಬಂದವನಲ್ಲ, ಜೀವ ಉಳಿಸಿಕೊಳ್ಳಲು ಬಂದವನು’ ಎಂದು ಹಾವಿಗೆ ಹೇಳಿದ. ಹಾವು ಅವನನ್ನು ಮುಟ್ಟಲಿಲ್ಲ. ಅಷ್ಟೇ ಅಲ್ಲ, ಎರಡು ಸಂತೆ ಕಳೆಯುವವರೆಗೂ ಬೇಟೆಯಾಡಿ ತಂದು ಅವನಿಗೆ ಉಣ್ಣಲು ಕೊಟ್ಟಿತಂತೆ. ಮನೆಗೆ ಮರಳಿದವನು ಕಣಿ ಹೇಳುವವನನ್ನು ಕೇಳಿದಾಗ, ಹಾವಿನ ಮುಖವಾಡ ಕೆತ್ತಿಸಿ ಗೌರವಿಸು ಎಂಬ ಮಾತು ಬಂತು. ಆ ಹಾವಿನ ಉಪಕಾರದ ನೆನಪೇ ಇಂದಿಗೂ ಬಯಲಿನಲ್ಲಿ ತಿರುಗುತ್ತಿದೆ.

ಕಥೆ ನಿಜವೋ ಅಲ್ಲವೋ ಎಂಬುದಕ್ಕಿಂತ ಅದು ಹೇಳುವ ಮಾತು ಮುಖ್ಯ. ಒಂದೊಂದು ಮುಖವಾಡವೂ ಒಂದೊಂದು ಮನೆತನದ ಸ್ವತ್ತು. ಆ ಮನೆತನದ ಪೂರ್ವಿಕನಿಗೂ ಆ ಪ್ರಾಣಿಗೂ ಎಂದೋ ಒಂದು ದಿನ ಒಡಂಬಡಿಕೆಯಾಗಿದೆ. ಹಾವು ತನ್ನ ಪಾಲಿನದನ್ನು ನಡೆಸಿಕೊಟ್ಟಿತು; ಮನುಷ್ಯ ತನ್ನ ಪಾಲಿನದನ್ನು ವರ್ಷ ವರ್ಷವೂ ನಡೆಸಿಕೊಡಬೇಕು.

ಮೈಮೇಲೆ ಬರೆದ ಪಾಠ

ಚಿಟ್ಟೆಯ ರೆಕ್ಕೆಯ ವೃತ್ತಗಳನ್ನು ಅಲಂಕಾರವೆಂದು ತಿಳಿದರೆ ತಪ್ಪಾದೀತು. ಬ್ವಾ ಮುಖವಾಡಗಳ ಮೇಲಿರುವುದು ಚಿತ್ತಾರವಲ್ಲ, ಬರಹ. ಅಮೆರಿಕದ ಐಯೊವಾ ವಿಶ್ವವಿದ್ಯಾಲಯದಲ್ಲಿದ್ದ ಕಲಾ ಇತಿಹಾಸಕಾರ ಕ್ರಿಸ್ಟೊಫರ್ ರಾಯ್ ಬುರ್ಕಿನಾ ಫಾಸೊದ ಮುಖವಾಡಗಳ ಅಧ್ಯಯನಕ್ಕಾಗಿ ಹಲವು ದಶಕ ದುಡಿದವರು. 2019ರಲ್ಲಿ ನಿಧನರಾದ ಅವರು ಹಳ್ಳಿಗಳಲ್ಲಿ ಹಿರಿಯರನ್ನು ಕೇಳಿ ಈ ಚಿಹ್ನೆಗಳ ಅರ್ಥವನ್ನು ದಾಖಲಿಸಿದ್ದಾರೆ.

ಕಪ್ಪು ಬಿಳುಪಿನ ಚೌಕಗಳನ್ನೇ ತೆಗೆದುಕೊಳ್ಳಿ. ಚದುರಂಗದ ಹಾಸಿನಂತೆ ಕಾಣುವ ಈ ಚೌಕಗಳು ಪ್ರಾಣಿಯ ಚರ್ಮಗಳು. ದೀಕ್ಷೆ ಪಡೆದ ಹೊಸ ಹುಡುಗರು ಕುಳಿತುಕೊಳ್ಳುವ ಚರ್ಮ ಹೊಸದು, ಬಿಳಿ. ಹಿರಿಯರು ಕುಳಿತುಕೊಳ್ಳುವ ಚರ್ಮ ವರ್ಷಗಟ್ಟಲೆ ಬಳಸಿ, ಹೊಗೆ ಹಿಡಿದು ಕಪ್ಪಾದದ್ದು. ಅಂದರೆ ಇಲ್ಲಿ ಕಪ್ಪು ಅಜ್ಞಾನದ ಬಣ್ಣವಲ್ಲ, ಅನುಭವದ ಬಣ್ಣ! ಎರಡೂ ಅಕ್ಕಪಕ್ಕದಲ್ಲಿರಬೇಕು. ಬಿಳಿ ಚೌಕವಿಲ್ಲದೆ ಕಪ್ಪು ಚೌಕಕ್ಕೆ ಅಂಚಿಲ್ಲ. ಕಲಿಯುವವರಿಲ್ಲದ ಹಿರಿತನಕ್ಕೆ ಅರ್ಥವಿಲ್ಲ.

ಅಂಕುಡೊಂಕು ಗೆರೆ ಪೂರ್ವಿಕರ ದಾರಿ. ಅದು ನೆಟ್ಟಗಿಲ್ಲ, ಆ ದಾರಿಯಲ್ಲಿ ನಡೆಯುವುದು ಸುಲಭವೂ ಅಲ್ಲ. ಎರಡು ಗೆರೆ ಅಡ್ಡ ಹಾಯ್ದ ಗುರುತು, ದೀಕ್ಷೆ ಪಡೆದವರ ಹಣೆಯ ಮೇಲಿನ ಗಾಯದ ಗುರುತನ್ನು ಸೂಚಿಸುತ್ತದೆ. ಬಾಗಿದ ಗೆರೆ ಚಂದ್ರ. ವಿಶೇಷವೆಂದರೆ ಈ ಅರ್ಥಗಳು ಎಲ್ಲರಿಗೂ ಒಂದೇ ಸಲ ದೊರೆಯುವುದಿಲ್ಲ. ಹೊಸದಾಗಿ ಸೇರಿದ ಹುಡುಗನಿಗೆ ಒಂದು ಅರ್ಥ. ಅವನು ಅದನ್ನು ಅರಗಿಸಿಕೊಂಡು ಬೆಳೆದ ಮೇಲೆ ಅದೇ ಚಿಹ್ನೆಗೆ ಇನ್ನೊಂದು ಅರ್ಥ. ಒಂದೇ ಪಠ್ಯಪುಸ್ತಕವನ್ನು ಒಂದನೆಯ ತರಗತಿಯಿಂದ ಕೊನೆಯ ತರಗತಿಯವರೆಗೆ ಓದಿದಂತೆ ಇದು. ಪುಟ ಅದೇ, ಓದುವವನು ಬೇರೆ.

ಈಗ ಹುಳುವಿನ ವಿಷಯಕ್ಕೆ ಬರೋಣ. ಕುಣಿತದ ಕಾಲ ಹತ್ತಿರ ಬಂದಂತೆ ಮುಖವಾಡಗಳನ್ನು ಹೊರತೆಗೆದು ನೀರಿನಲ್ಲಿ ನೆನೆಹಾಕುತ್ತಾರೆ. ಮರದೊಳಗಿನ ಹುಳು ಸಾಯುತ್ತದೆ. ಜೊತೆಗೆ ಹೋದ ವರ್ಷದ ಬಣ್ಣವೂ ತೊಳೆದುಹೋಗುತ್ತದೆ. ಚೌಕಗಳಿಲ್ಲ, ವೃತ್ತಗಳಿಲ್ಲ, ದಾರಿಯಿಲ್ಲ, ಬರಿಯ ಮರ. ಆಮೇಲೆ ಜಾಲಿಕಾಯಿ ಕುದಿಸಿ, ಕಲ್ಲು ಅರೆದು, ಎಲ್ಲವನ್ನೂ ಮೊದಲಿನಿಂದ ಬರೆಯಬೇಕು. ಯಾವ ಚಿಹ್ನೆ ಎಲ್ಲಿ ಬರಬೇಕು, ಯಾವುದರ ಪಕ್ಕ ಯಾವುದು ಇರಬೇಕು ಎಂದು ಬಲ್ಲವರು ಇದ್ದರೆ ಮಾತ್ರ ಇದು ಸಾಧ್ಯ. ಹಾಗಾಗಿ ಬಣ್ಣ ಹಚ್ಚುವ ದಿನಗಳು ಕಿರಿಯರಿಗೆ ಪಾಠದ ದಿನಗಳೂ ಹೌದು, ಹಿರಿಯರಿಗೆ ನೆನಪಿನ ಪರೀಕ್ಷೆಯ ದಿನಗಳೂ ಹೌದು.

ಮುಖವಾಡವನ್ನು ಉಳಿಸಿಕೊಳ್ಳುವುದೆಂದರೆ ಅದರ ಬಣ್ಣ ಮಾಸದಂತೆ ನೋಡಿಕೊಳ್ಳುವುದು ಎಂದು ವಸ್ತುಸಂಗ್ರಹಾಲಯ ತಿಳಿಯುತ್ತದೆ. ಬೆಳಕು ತಗುಲದಂತೆ, ತೇವ ಹೆಚ್ಚದಂತೆ, ಕೈ ಸೋಕದಂತೆ ಕಾಯುತ್ತದೆ. ಬೋನಿಯ ರೀತಿ ಇದಕ್ಕೆ ತದ್ವಿರುದ್ಧ. ಅಲ್ಲಿ ಬಣ್ಣವನ್ನು ಬೇಕೆಂದೇ ತೊಳೆಯುತ್ತಾರೆ. ಉಳಿಯಬೇಕಾದದ್ದು ಬಣ್ಣವಲ್ಲ, ಅದನ್ನು ಬರೆಯುವ ಕೈ.

ಹಳೆಯದೆಲ್ಲ ಹಳೆಯದಲ್ಲ

ಇಷ್ಟು ಓದಿದವರು ಮರದ ಮುಖವಾಡಗಳು ಬ್ವಾ ಜನರಲ್ಲಿ ಅನಾದಿಯಿಂದ ಬಂದವು ಎಂದು ಊಹಿಸಬಹುದು. ವಾಸ್ತವ ಹಾಗಿಲ್ಲ. ಬ್ವಾ ಜನರ ಹಳೆಯ ಮುಖವಾಡಗಳು ಎಲೆಯವು. ಅವರ ನಂಬಿಕೆಯ ಪ್ರಕಾರ ಸೃಷ್ಟಿಕರ್ತ ಮೊದಲು ಮನುಷ್ಯರ ನಡುವೆಯೇ ಇದ್ದ. ಹೆಂಗಸೊಬ್ಬಳು ಧಾನ್ಯ ಕುಟ್ಟುವಾಗ ಅವಳ ಒನಕೆ ತಗುಲಿದ್ದರಿಂದ ನೊಂದು ದೂರ ಹೋದ. ಹೋಗುವಾಗ ತನ್ನ ಮಗ ‘ಡೋ’ನನ್ನು ಮನುಷ್ಯರ ಬಳಿ ಬಿಟ್ಟ. ಹೊಲ, ಕಾಡು, ಚಿಗುರು ಇವುಗಳ ದೈವ ಡೋ. ಅವನ ಹೆಸರಿನಲ್ಲಿ ಹಸಿರೆಲೆ, ಬಳ್ಳಿಗಳನ್ನು ಮೈತುಂಬ ಸುತ್ತಿಕೊಂಡು ಬರುವ ಮುಖವಾಡಗಳ ಆಯಸ್ಸು ಒಂದೇ ದಿನ. ಆಚರಣೆ ಮುಗಿದೊಡನೆ ಎಲೆಗಳನ್ನು ಸುಟ್ಟುಬಿಡುತ್ತಾರೆ.

ಮರದ ಮುಖವಾಡಗಳು ದಕ್ಷಿಣದ ಬ್ವಾ ಹಳ್ಳಿಗಳಿಗೆ ಬಂದದ್ದು 19ನೆಯ ಶತಮಾನದ ಕೊನೆಯ ಭಾಗದಲ್ಲಿ, ನೆರೆಯ ನೂನಾ ಮುಂತಾದ ಜನಾಂಗಗಳಿಂದ. ಆ ಕಾಲ ಅವರಿಗೆ ಒಳ್ಳೆಯದಾಗಿರಲಿಲ್ಲ. ಬರಗಾಲ, ಕುದುರೆ ಏರಿ ಬಂದು ಸುಲಿಯುವವರ ದಾಳಿ, ಹಿಂದೆಯೇ ಫ್ರೆಂಚರ ಸೈನ್ಯ. ಕಷ್ಟದ ದಿನಗಳಲ್ಲಿ ನೆರೆಯವರ ಬಳಿ ಇದ್ದ ಬಲವನ್ನು ಕೆಲವು ಮನೆತನಗಳು ತಂದುಕೊಂಡವು. ಎಲೆಯ ಮುಖವಾಡವೇ ಸಾಕು ಎನ್ನುವ ಮನೆತನಗಳಿಗೂ ಇವರಿಗೂ ಮನಸ್ತಾಪಗಳೂ ನಡೆದವು. 1915–16ರಲ್ಲಿ ಫ್ರೆಂಚರು ತಮ್ಮ ಯುದ್ಧಕ್ಕಾಗಿ ಯುವಕರನ್ನು ಬಲವಂತವಾಗಿ ಸೈನ್ಯಕ್ಕೆ ಎಳೆದಾಗ ಈ ಸೀಮೆಯ ಹಳ್ಳಿಗಳು ದಂಗೆಯೆದ್ದವು. ಫಿರಂಗಿ ತಂದು ಅವನ್ನು ಅಡಗಿಸಲಾಯಿತು. ಅನೇಕ ಹಳ್ಳಿಗಳು ನೆಲಸಮವಾದವು. ಅಷ್ಟಾದರೂ ಎಲೆ, ಮರ ಎರಡೂ ಉಳಿದುಬಂದವು. ನೂರು ಚಿಲ್ಲರೆ ವರ್ಷಗಳ ಈ ಕಲೆ, ಪರಂಪರೆ ಎಂದರೆ ನಿಂತ ನೀರಲ್ಲ ಎಂಬುದಕ್ಕೆ ತಕ್ಕ ಸಾಕ್ಷಿ.

ಜೋಡಿ ಬಿಟ್ಟ ಜಿಂಕೆ

ಬ್ವಾ ಸೀಮೆಯಿಂದ ವಾಯವ್ಯಕ್ಕೆ, ಗಡಿ ದಾಟಿ ಮಾಲಿಗೆ ಹೋದರೆ ಬಮಾನಾ ಜನರ ನಾಡು. ಅಲ್ಲಿಯ ಮುಖವಾಡದ ಹೆಸರು ‘ಚಿವಾರಾ’. ‘ಚಿ’ ಎಂದರೆ ಬೇಸಾಯ, ‘ವಾರಾ’ ಎಂದರೆ ಕಾಡುಪ್ರಾಣಿ. ಅರ್ಧ ಮನುಷ್ಯ, ಅರ್ಧ ಜಿಂಕೆಯಾದ ಜೀವವೊಂದು ಮನುಷ್ಯರಿಗೆ ನೆಲ ಕೆದಕಿ ಕಾಳು ಬೆಳೆಯುವುದನ್ನು ಕಲಿಸಿತು. ಜನ ಸೋಮಾರಿಗಳಾಗಿ ಧಾನ್ಯ ಪೋಲು ಮಾಡತೊಡಗಿದಾಗ ಬೇಸರಗೊಂಡು ಭೂಮಿಯೊಳಗೆ ಸೇರಿಹೋಯಿತು ಎಂಬುದು ಐತಿಹ್ಯ. ಅದರ ನೆನಪಿಗೆ ಕೆತ್ತಿದ ಜಿಂಕೆಯನ್ನು ಬೆತ್ತದ ಟೋಪಿಯ ಮೇಲೆ ಕೂರಿಸಿ, ಕಪ್ಪು ನಾರಿನ ಉಡುಪು ತೊಟ್ಟು, ಎರಡು ಕೋಲುಗಳನ್ನೇ ಮುಂಗಾಲು ಮಾಡಿಕೊಂಡು ಬಾಗಿ ಕುಣಿಯುತ್ತಾರೆ. ಹೊಲದಲ್ಲಿ ಯುವಕರು ಪಂದ್ಯ ಕಟ್ಟಿ ಗುದ್ದಲಿ ಬೀಸುವಾಗ ಹುರುಪು ತುಂಬುವುದು ಈ ಜಿಂಕೆಗಳ ಕೆಲಸ.

ಚಿವಾರಾ ಎಂದೂ ಒಂಟಿಯಲ್ಲ. ಗಂಡು, ಹೆಣ್ಣು ಜೋಡಿಯಾಗಿಯೇ ಬರಬೇಕು. ಗಂಡು ಸೂರ್ಯ, ಹೆಣ್ಣು ಭೂಮಿ, ಇಳಿಬಿದ್ದ ನಾರು ಮಳೆಯ ನೀರು. ಹೆಣ್ಣು ಜಿಂಕೆಯ ಬೆನ್ನಿನ ಮೇಲೆ ಮರಿ. ಆ ನಾಡಿನ ತಾಯಂದಿರು ಹೊಲಕ್ಕೆ ಹೋಗುವಾಗ ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳುವ ಹಾಗೆಯೇ! ಆದರೆ ಯೂರೋಪು, ಅಮೆರಿಕಗಳ ಸಂಗ್ರಹಗಳಲ್ಲಿ ಎಷ್ಟೋ ಚಿವಾರಾಗಳು ಒಂಟಿಯಾಗಿ ನಿಂತಿವೆ. ಜೋಡಿಯಲ್ಲೊಂದು ಒಬ್ಬನಿಗೆ, ಮತ್ತೊಂದು ಇನ್ನೊಬ್ಬನಿಗೆ ಮಾರಾಟವಾಗಿ ಹೋದರೆ ಸೂರ್ಯ ಒಂದು ಖಂಡದಲ್ಲಿ, ಭೂಮಿ ಇನ್ನೊಂದು ಖಂಡದಲ್ಲಿ. ನಾರಿನ ಉಡುಪಂತೂ ಬಹುತೇಕ ಇಲ್ಲವೇ ಇಲ್ಲ. ಕೊಳ್ಳುವವರಿಗೆ ಬೇಕಾದದ್ದು ಮರವಷ್ಟೆ.

ಎಲ್ಲವೂ ಮಾರಾಟವಾಗಿಯೇ ಹೋದದ್ದೂ ಅಲ್ಲ. 1931ರಿಂದ 1933ರವರೆಗೆ ಫ್ರಾನ್ಸಿನ ಸಂಶೋಧಕರ ತಂಡವೊಂದು ಡಕಾರ್‌ನಿಂದ ಜಿಬೂಟಿಯವರೆಗೆ ಆಫ್ರಿಕವನ್ನು ಅಡ್ಡಲಾಗಿ ದಾಟಿ 3,000ಕ್ಕೂ ಹೆಚ್ಚು ವಸ್ತುಗಳನ್ನು ಪ್ಯಾರಿಸ್ಸಿಗೆ ಸಾಗಿಸಿತು. ತಂಡದ ಕಾರ್ಯದರ್ಶಿಯಾಗಿದ್ದ ಲೇಖಕ ಮಿಷೆಲ್ ಲೆರಿಸ್, ಇಂದಿನ ಮಾಲಿಯ ಹಳ್ಳಿಗಳಲ್ಲಿ ಪೂಜೆಯ ವಸ್ತುಗಳನ್ನು ಬೆದರಿಸಿ ಕಸಿದುಕೊಂಡ ಪ್ರಸಂಗಗಳನ್ನು ತಮ್ಮ ದಿನಚರಿಯಲ್ಲಿ ಬಚ್ಚಿಡದೆ ಬರೆದರು. ಅದು 1934ರಲ್ಲಿ ಪುಸ್ತಕವಾಗಿ ಪ್ರಕಟವಾಯಿತು. ಕಸಿದುಕೊಂಡವರ ಕಡೆಯವರೇ ಬರೆದಿಟ್ಟ ಸಾಕ್ಷ್ಯವಾದ್ದರಿಂದ ಅದನ್ನು ತಳ್ಳಿಹಾಕುವಂತಿಲ್ಲ.

2017ರ ನವೆಂಬರ್ 28ರಂದು ಫ್ರಾನ್ಸಿನ ಅಧ್ಯಕ್ಷ ಇಮ್ಯಾನುಯೆಲ್ ಮ್ಯಾಕ್ರಾನ್, ಆಫ್ರಿಕದ ಪರಂಪರೆಯ ವಸ್ತುಗಳನ್ನು ಆಫ್ರಿಕಕ್ಕೆ ಹಿಂದಿರುಗಿಸಲು ಐದು ವರ್ಷಗಳೊಳಗೆ ದಾರಿ ಮಾಡುವುದಾಗಿ ಘೋಷಿಸಿದರು. ಅವರು ಈ ಮಾತನ್ನಾಡಿದ್ದು ವಾಗಡೂಗುವಿನ ವಿಶ್ವವಿದ್ಯಾಲಯದಲ್ಲಿ, ವಿದ್ಯಾರ್ಥಿಗಳ ಎದುರಿಗೆ. ಮರುವರ್ಷ ಸೆನೆಗಲ್‌ನ ಫೆಲ್ವಿನ್ ಸಾರ್ ಮತ್ತು ಫ್ರಾನ್ಸಿನ ಬೆನೆಡಿಕ್ಟ್ ಸವ್ವಾ ಅವರು ಸಲ್ಲಿಸಿದ ವರದಿಯ ಪ್ರಕಾರ, ಫ್ರಾನ್ಸಿನ ಸಾರ್ವಜನಿಕ ಸಂಗ್ರಹಗಳಲ್ಲಿ ಸಹಾರಾದ ಕೆಳಗಿನ ಆಫ್ರಿಕದ ಸುಮಾರು 90,000 ವಸ್ತುಗಳಿವೆ. 2021ರ ನವೆಂಬರಿನಲ್ಲಿ ಬೆನಿನ್ ದೇಶಕ್ಕೆ ಮರಳಿದವು 26. ಲೆಕ್ಕವನ್ನು ಓದುಗರೇ ಹಾಕಿಕೊಳ್ಳಬಹುದು.

ಮಕ್ಕಳು ಎಲ್ಲಿದ್ದಾರೆ?

ವಸ್ತುಗಳು ಮರಳಿ ಬರಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ಆದರೆ ಬೋನಿಯಂಥ ಹಳ್ಳಿಗೆ ಅಷ್ಟರಿಂದಲೇ ನೆಮ್ಮದಿಯಾಗುವುದಿಲ್ಲ. ಬೂರುಗದ ಮರ ಇನ್ನೂ ಇದೆ, ಕೆತ್ತುವ ಕಮ್ಮಾರರಿದ್ದಾರೆ. ಮುಖವಾಡ ಕಳೆದುಹೋದರೆ ಇನ್ನೊಂದನ್ನು ಕೆತ್ತಬಹುದು. ಕೆತ್ತಲಾಗದ್ದು ಕಲಿಯುವ ಹುಡುಗನನ್ನು.

ಬುರ್ಕಿನಾ ಫಾಸೊದ ಹಳ್ಳಿಗಳಿಂದ ಯುವಕರು ಐವರಿ ಕೋಸ್ಟಿನ ಕೋಕೊ ತೋಟಗಳಿಗೆ ದುಡಿಯಲು ಹೋಗುವುದು ಹಲವು ತಲೆಮಾರುಗಳಿಂದ ನಡೆದುಬಂದಿದೆ. ಹೂಂಡೆಯ ಬಳಿಯಲ್ಲೇ 2017ರಲ್ಲಿ ದೊಡ್ಡ ಚಿನ್ನದ ಗಣಿ ಕೆಲಸ ಆರಂಭಿಸಿತು. ಶಾಲೆ, ಚರ್ಚು, ಮಸೀದಿ ಎಲ್ಲವೂ ಮಕ್ಕಳನ್ನು ತಂತಮ್ಮ ಕಡೆ ಕರೆಯುತ್ತಿವೆ. ಕಾಡೆಮ್ಮೆಗಳು ಮುಖ್ಯವಾಗಿ ದೇಶದ ಪೂರ್ವ ಮತ್ತು ದಕ್ಷಿಣದ ಅಭಯಾರಣ್ಯಗಳಿಗೆ ಸೀಮಿತವಾಗಿರುವಾಗ, ಅವುಗಳ ನಡಿಗೆಯನ್ನು ಕುಣಿಯುವವನು ಕಾಡಿನಿಂದ ಕಲಿಯುವಂತಿಲ್ಲ. ತನಗಿಂತ ಮೊದಲು ಕುಣಿದವನಿಂದಲೇ ಕಲಿಯಬೇಕು. ನಡುವೆ ಒಂದು ಕೊಂಡಿ ಕಳಚಿದರೂ ಕಾಡೆಮ್ಮೆ ಎರಡನೆಯ ಸಲ ಮರೆಯಾಗುತ್ತದೆ.

ಇದನ್ನು ಮೊದಲು ಮನಗಂಡವರಲ್ಲಿ ಆ ದೇಶದ ವಿದ್ಯಾರ್ಥಿಗಳೂ ಇದ್ದರು ಎಂಬುದು ಗಮನಿಸಬೇಕಾದ ಸಂಗತಿ. ಮುಖವಾಡಗಳ ರಕ್ಷಣೆಗೆಂದು ಅವರು ಕಟ್ಟಿದ ಸಂಘ 1996ರಲ್ಲಿ, ಬ್ವಾ ಸೀಮೆಯ ದೇದುಗು ಪಟ್ಟಣದಲ್ಲಿ ಅಂತರರಾಷ್ಟ್ರೀಯ ಮುಖವಾಡ ಮೇಳವನ್ನು ಆರಂಭಿಸಿತು. ‘ಫೆಸ್ಟಿಮಾ’ ಎಂದು ಹೆಸರಾದ, ಎರಡು ವರ್ಷಕ್ಕೊಮ್ಮೆ ನಡೆಸಬೇಕೆಂದು ಹುಟ್ಟುಹಾಕಿದ ಈ ಮೇಳಕ್ಕೆ ಮಾಲಿ, ಐವರಿ ಕೋಸ್ಟ್, ಬೆನಿನ್, ಟೋಗೊ ಮುಂತಾದ ನೆರೆ ನಾಡುಗಳಿಂದಲೂ ಎಲೆ, ನಾರು, ಗರಿ, ಮರಗಳ ಮುಖವಾಡಗಳು ಬಂದಿವೆ. ಮೇಳದ ಅಂಗಳದಲ್ಲಿ ಕುಣಿದದ್ದು ಹಳ್ಳಿಯ ಆಚರಣೆಗೆ ಸಮನಲ್ಲ ಎಂಬ ಆಕ್ಷೇಪಕ್ಕೂ ಅರ್ಥವಿದೆ. ತಿಥಿಯಿಲ್ಲ, ದೀಕ್ಷೆಯಿಲ್ಲ, ಎದುರಿಗೆ ಕ್ಯಾಮೆರಾಗಳ ಸಾಲು. ಆದರೆ ನಗರದಲ್ಲಿ ಓದುತ್ತಿರುವ ಹುಡುಗನೊಬ್ಬ ತನ್ನ ಅಜ್ಜನ ಮನೆತನದ ಗಿಡುಗವನ್ನು ಅಲ್ಲಿ ಕಂಡು ‘ಇದರ ಕಣ್ಣಿನ ಸುತ್ತ ಈ ವೃತ್ತಗಳೇಕೆ?’ ಎಂದು ಕೇಳಿದರೆ, ಅದೂ ಒಂದು ಆರಂಭವೇ.

ಇಂಥ ಆರಂಭಗಳ ಮೇಲೆಯೇ ಹೊಡೆತ ಬಿದ್ದಿದೆ. 2015ರಿಂದ ಬುರ್ಕಿನಾ ಫಾಸೊ ಉಗ್ರಗಾಮಿ ಗುಂಪುಗಳ ದಾಳಿಗೆ ಸಿಕ್ಕಿ ನಲುಗುತ್ತಿದೆ. 2022ರ ಒಂದೇ ವರ್ಷದಲ್ಲಿ ಸೈನ್ಯ ಎರಡು ಬಾರಿ ಅಧಿಕಾರ ಕಿತ್ತುಕೊಂಡಿತು. 2023ರ ಸರ್ಕಾರಿ ಅಂಕಿಅಂಶದಂತೆ ಊರು ಬಿಟ್ಟು ದೇಶದೊಳಗೇ ನಿರಾಶ್ರಿತರಾದವರು 20 ಲಕ್ಷಕ್ಕೂ ಹೆಚ್ಚು. ದೇದುಗು ಇರುವ ಪಶ್ಚಿಮದ ಸೀಮೆಯೂ ಇದರಿಂದ ಹೊರತಾಗಿಲ್ಲ. ಮನೆ ಬಿಟ್ಟು ಓಡುವ ಕುಟುಂಬ ಕೂಸನ್ನೂ ಕಾಳಿನ ಚೀಲವನ್ನೂ ಎತ್ತಿಕೊಂಡೀತು. ನಾಲ್ಕು ಮೀಟರ್ ಉದ್ದದ ಹಾವನ್ನು ಹೊತ್ತುಕೊಂಡು ಓಡುವುದೆಲ್ಲಿಗೆ? ಊರೇ ಚದುರಿದ ಮೇಲೆ ದೀಕ್ಷೆ ಕೊಡುವವರೊಂದು ಕಡೆ, ಪಡೆಯಬೇಕಾದ ಹುಡುಗರೊಂದು ಕಡೆ. ಕಪ್ಪು ಚೌಕ ಒಂದೆಡೆ, ಬಿಳಿ ಚೌಕ ಇನ್ನೊಂದೆಡೆ.

ಬ್ವಾ ಜನರ ಇತಿಹಾಸವನ್ನು ಬಲ್ಲವರು ಇಷ್ಟಕ್ಕೇ ಕೈಚೆಲ್ಲುವುದಿಲ್ಲ. ಮರದ ಮುಖವಾಡ ಅವರ ಊರಿಗೆ ಬಂದದ್ದೇ ಬರ, ಕೊಳ್ಳೆ, ಪರಕೀಯರ ದಾಳಿಗಳ ನಡುವೆ. ಕೆಟ್ಟ ಕಾಲದಲ್ಲಿ ಕಲಿತದ್ದನ್ನು ಕೆಟ್ಟ ಕಾಲದಲ್ಲೂ ಕಲಿಸಬಲ್ಲರು. ಇದಕ್ಕೆ ದೊಡ್ಡ ಸಲಕರಣೆಯೇನೂ ಬೇಕಾಗಿಲ್ಲ. ಒಂದು ಮಡಕೆ ಜಾಲಿಕಾಯಿ, ಅರೆಯಲು ಕೆಂಪು ಕಲ್ಲು, ನೀರಿನಲ್ಲಿ ನೆನೆದು ಬರಿದಾದ ಒಂದು ಮರದ ರೆಕ್ಕೆ, ಅದರ ಮುಂದೆ ಕುಳಿತ ಒಬ್ಬ ಹಿರಿಯ. ಅವನ ಪಕ್ಕದಲ್ಲಿ, ಬಣ್ಣದ ಚಿಪ್ಪು ಹಿಡಿದುಕೊಳ್ಳಲು, ಪ್ರಶ್ನೆ ಕೇಳುವ ಒಬ್ಬ ಹುಡುಗ.